ಬೊನ್ನನ ಮೊದಲ ತಪ್ಪು

ಮಂಗಳೂರು, ಫೆಬ್ರವರಿ 30, 2191

ನನಗಿಂತ ಸುಮಾರು ನೂರು ವರ್ಷ ಮೊದಲೇ ಹುಟ್ಟಿದವರೂ, ವಯಸ್ಸಿನಲ್ಲಿ ಬಹುಶಃ ನನಗಿಂತ ಕಿರಿಯರೂ ಆದ ನಿಮಗೆ, ಎಂಬತ್ತೊಂದು ದಾಟಿದ ಹಾಡುಗಾರ ಸಂಕಪ್ಪ ಕೊಟ್ಟಾರಿಯ ನಮಸ್ಕಾರ.

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ನಮ್ಮ ಪಂಚಾಂಗದವರು ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಅವು ನನ್ನ ಹೆಂಡತಿಗೂ ಹಾಗೇ ಅನಿಸುತ್ತವೆ. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಆಲ್ಬಮ್ ಪಾಸಾಯಿತು. ಇದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆಯುತ್ತದೆ. ಇಲ್ಲಿರುವವರಿಗೆಲ್ಲ ಹೇಳಿ ಮುಗಿಯಿತು, ಉಳಿದವರು ನೀವು.

ನಮ್ಮಲ್ಲಿ ಹಾಡಿಗೆ ಬರವಿಲ್ಲ. ಬಾಗಿಲು ತೆರೆದರೆ ಹಾಡು, ಅನ್ನ ಬೆಂದರೆ ಹಾಡು, ಸೊಂಟದ ಮಟ್ಟಕ್ಕೆ ಸಮುದ್ರ ನಿಂತಿರುವ ಬಂದರಿನ ಬೀದಿಗೆ ನೀರ್ಬಸ್ಸು, ಅಂದರೆ ಈಜುವ ಬಸ್ಸು, ಬಂದರೂ ಒಂದು ಹಾಡು. ಎಲ್ಲವೂ ಯಂತ್ರ ಕಟ್ಟಿದವು, ಒಂದರಲ್ಲೂ ಕೂದಲೆಳೆಯಷ್ಟು ದೋಷವಿಲ್ಲ. ಹೀಗಾಗಿ ಮನುಷ್ಯರ ಹಾಡನ್ನು ಗುರುತಿಸಲಿಕ್ಕೆಂದು ಊರೂರಲ್ಲಿ ತಪ್ಪುಕಟ್ಟೆ ಎಂಬ ಕಚೇರಿ ಇದೆ, ಹಿಂದೆ ಸುಂಕದ ಕಟ್ಟೆ ಇದ್ದ ಹಾಗೆ. ಹಾಡಿದವರದ್ದೂ ನುಡಿಸಿದವರದ್ದೂ ಒಂದೊಂದಾದರೂ ನಿಜವಾದ ತಪ್ಪು ಅಲ್ಲಿ ಸಿಕ್ಕಬೇಕು. ಸಿಕ್ಕರೆ ತಪ್ಪೊಪ್ಪಿಗೆ ಕೊಡುತ್ತಾರೆ. ನಿಮ್ಮ ಕಾಲದಲ್ಲಿ ಅದನ್ನು ಕಳ್ಳರು ಪೊಲೀಸರಿಗೆ ಬರೆದುಕೊಡುತ್ತಿದ್ದರಂತೆ. ನಮ್ಮಲ್ಲಿ ಅದು ತಪ್ಪಿಗೆ ಸಿಗುವ ಒಪ್ಪಿಗೆ. ಮೂರು ಪ್ರಯತ್ನದಲ್ಲೂ ತಪ್ಪು ಸಿಗದಿದ್ದರೆ ಹೆಸರು ಅಳಿಸಿ ಹಾಡನ್ನು ಯಂತ್ರದ ರಾಶಿಗೆ ಸೇರಿಸುತ್ತಾರೆ. ಬೇಕೆಂದೇ ಮಾಡಿದ ತಪ್ಪು ಅವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ನಾನು ಬರೆದ ಒಂಬತ್ತು ಹಾಡುಗಳನ್ನು ಊರಿನ ಒಂಬತ್ತು ಜಾಜ್ ವಾದಕರ ಜೊತೆ ಒಬ್ಬೊಬ್ಬರಂತೆ ಜೋಡಿಯಾಗಿ ಮುದ್ರಿಸಲು ಹೊರಟೆವು. ಜಾಜ್ ಎಂದರೆ ಜಾಜಿ ಎಂದುಕೊಂಡು ನನ್ನ ಹೆಂಡತಿ ಮೊದಲ ದಿನ ಹೂವಿನ ಬುಟ್ಟಿ ಕಳಿಸಿದ್ದಳು, ಅಥವಾ ಹಾಗೆಂದು ನಾನು ಎಲ್ಲರಿಗೂ ಹೇಳಿದೆ. ಹಳೆಯ ಹೆಂಚಿನ ಕಾರ್ಖಾನೆಯ ಗೂಡೇ ನಮ್ಮ ಸ್ಟುಡಿಯೋ. ಹಿಂದೆ ಅಲ್ಲಿ ಹೆಂಚು ಸುಡುತ್ತಿದ್ದರು, ಈಗ ನಾವು ಬೇಯುತ್ತೇವೆ. ಎಂಟು ಹಾಡು ಸಲೀಸಾಗಿ ಪಾಸಾದವು. ಡ್ರಮ್ಮಿನವನಂತೂ ಎಷ್ಟು ತಪ್ಪಿದನೆಂದರೆ ಕಟ್ಟೆಯವರು ಅವನಿಗೆ ಪ್ರತ್ಯೇಕ ಅಭಿನಂದನೆ ಬರೆದರು.

ಸಿಕ್ಕಿಹಾಕಿಕೊಂಡದ್ದು ಒಂಬತ್ತನೆಯದು, ಸ್ಯಾಕ್ಸೊಫೋನಿನ ಬೊನವೆಂಚರ್ ಸಲ್ಡಾನ್ಹನ ಜೊತೆಗಿನ ಹಾಡು. ನಮಗೆಲ್ಲ ಅವನು ಬೊನ್ನ. ಅರವತ್ತು ವರ್ಷ ಮದುವೆಗಳಲ್ಲಿ, ಇಗರ್ಜಿಯ, ಅಂದರೆ ಚರ್ಚಿನ, ಹಬ್ಬಗಳಲ್ಲಿ ಊದಿದ್ದಾನೆ, ಒಂದು ಸ್ವರವೂ ಜಾರಿದ್ದಿಲ್ಲ. ಅವನ ಹೆಸರು ಹೊತ್ತ ಒಂದು ಹಾಡೂ ಲೋಕದಲ್ಲಿಲ್ಲ. ಈಗ ಎಪ್ಪತ್ತೊಂಬತ್ತು, ಎದೆಯಲ್ಲಿ ಗಾಳಿ ಉಳಿದದ್ದು ಇದೊಂದಕ್ಕೆ ಎಂದು ಅವನೇ ಹೇಳಿದ್ದ. ಎರಡು ಸಲ ಮುದ್ರಿಸಿದೆವು, ಎರಡು ಸಲವೂ ಕಟ್ಟೆಯಿಂದ ವಾಪಸ್ಸು ಬಂತು: ವಾದಕ ಯಂತ್ರವೆಂದು ಶಂಕೆ. ಒಂದು ಚೂರು ತಪ್ಪು ಮಾರಾಯ, ಅವರಿಗೆ ಗೊತ್ತಾಗದ ಹಾಗೆ, ಎಂದು ಗೋಗರೆದೆ. "ಬೇಕಂತ ತಪ್ಪುದು ನನ್ನಿಂದ ಆಗುದಿಲ್ಲ ಸಂಕಪ್ಪ," ಎಂದ, "ಅದು ಸುಳ್ಳು ಹೇಳಿದ ಹಾಗೆ."

ಹಾಗಾದರೆ ಅವನಿಗೇ ಗೊತ್ತಿಲ್ಲದೆ ಅವನಿಂದ ತಪ್ಪು ಮಾಡಿಸುವ ಕೆಲಸ ನನ್ನದಾಯಿತು, ಮತ್ತು ಅದಕ್ಕೇ ನಾನು ಹುಟ್ಟಿದ್ದು. ಅಭ್ಯಾಸದ ಹೊತ್ತಿಗೆ ಅವನ ಎದುರೇ ಕೂತು ಹುಣಸೆಹಣ್ಣು ಚೀಪಿದೆ. ಊದುವವರ ಬಾಯಲ್ಲಿ ನೀರೂರಿದರೆ ಸ್ವರ ಕೆಡುತ್ತದೆ. ಅವನ ಬಾಯಿ ಒಣಗಿಯೇ ಇತ್ತು, ನನ್ನ ಹಲ್ಲು ಮಾತ್ರ ಚುಳ್ಳೆಂದವು. ಅವನ ಟೋಪಿಯೊಳಗೆ ಜೀವಂತ ಏಡಿ ಬಿಟ್ಟೆ. ಊದುತ್ತಲೇ ಅದನ್ನು ಹಿಡಿದು ಕಿಟಕಿಯ ಮೇಲಿಟ್ಟ.

ಇವತ್ತು ಮೂರನೆಯ ಸಲ, ಕೊನೆಯದು. ಕಟ್ಟೆಯ ಅಧಿಕಾರಿ ಸುಗುಣಾ ಬಂಗೇರ ಖುದ್ದಾಗಿ ಬಂದು ಕೂತಿದ್ದರು. ಅವರ ಮುಂದೆ ಏಡಿ ಆಗದು, ಹುಣಸೆ ಆಗದು. ಇನ್ನೇನು ಕಿತಾಪತಿ ಮಾಡಲಿ ಎಂದು ಯೋಚಿಸುತ್ತಲೇ ಹಾಡುತ್ತಿದ್ದೆ. ಮೂರನೆಯ ಚರಣಕ್ಕೆ ಬಾಯಿ ತೆರೆದೆ. ಸಾಲು ಇರಲಿಲ್ಲ. ನಾನೇ ಬರೆದ ಸಾಲು. ಬಾಯಿ ತೆರೆದೇ ಇತ್ತು, ಒಂದು ಅಕ್ಷರವೂ ಬರಲಿಲ್ಲ. ತಮಾಷೆಗಲ್ಲ, ಕಿವಿಯವರೆಗೆ ಬೆವರಿದೆ.

ಬೊನ್ನ ನನ್ನ ಕಡೆ ತಿರುಗಿದ. ಇದು ನಾಟಕವಲ್ಲವೆಂದು ಅರವತ್ತು ವರ್ಷಗಳಿಂದ ಗೆಳೆಯನಾಗಿರುವವನಿಗೆ ಗೊತ್ತಾಗದೆ ಇರುತ್ತದೆಯೇ? ಅವನ ಹೊಟ್ಟೆ ಕುಲುಕಿತು. ನಗು ಸೀದಾ ಸ್ಯಾಕ್ಸೊಫೋನಿನೊಳಗೆ ಹೋಗಿ, ಕೆಸರಿನಲ್ಲಿ ಕಾಲು ಸಿಕ್ಕ ಕೋಣದ ಹಾಗೆ ಕೂಗಿಕೊಂಡು ಹೊರಬಂತು. ನಾನು ಸಿಕ್ಕಿದ ಪದ ಹಿಡಿದು ಹಾಡಿದೆ, ಅವನು ಕಣ್ಣೀರು ಸುರಿಸುತ್ತ ನುಡಿಸಿದ, ಹೇಗೋ ದಡ ಸೇರಿದೆವು.

ಸುಗುಣಮ್ಮ ಕಿವಿಯ ಯಂತ್ರ ತೆಗೆದಿಟ್ಟು, ಎರಡೂ ನಿಜದ್ದೇ, ಒಪ್ಪಿದೆ ಎಂದರು. ನಾನು ನೆಲದ ಮೇಲೇ ಕೂತುಬಿಟ್ಟೆ.

"ಎಂತ ಸಂಕಪ್ಪ," ಎಂದ ಬೊನ್ನ, ಕಣ್ಣೊರೆಸಿಕೊಳ್ಳುತ್ತ, "ನಿನಗೂ ಮಾತು ಮುಗಿಯುದುಂಟಾ?"

ಆಮೇಲೆ ಆ ಜಾಗವನ್ನು ಇನ್ನೊಮ್ಮೆ ಹಾಕಲು ಹೇಳಿದ. ಏಳು ಸಲ ಕೇಳಿದ. ತನ್ನ ಮೊದಲ ತಪ್ಪನ್ನು ಮೊದಲ ಮೊಮ್ಮಗುವಿನ ಹಾಗೆ ತಲೆ ಓರೆ ಮಾಡಿ ನೋಡುತ್ತಿದ್ದ. ತಪ್ಪೊಪ್ಪಿಗೆಯ ಹಾಳೆಯಲ್ಲಿ ತನ್ನ ಹೆಸರನ್ನು ಬೆರಳಿಟ್ಟು ಓದಿದ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಕಾಲದ ಎಷ್ಟೋ ಹಾಡುಗಳು ನಮ್ಮ ಭಂಡಾರದಲ್ಲಿವೆ, ಎಲ್ಲ ತೊಳೆದಿಟ್ಟ ಲೋಟದ ಹಾಗೆ ಚೊಕ್ಕ. ಹಾಡಿನ ನಡುವೆ ಯಾರೋ ನಕ್ಕದ್ದನ್ನು, ಸಾಲು ಮರೆತದ್ದನ್ನು ನೀವೇ ಕತ್ತರಿಸಿ ಎಸೆದಿದ್ದೀರಿ. ಹಾಗಾಗಿ ನೀವು ಹೇಗೆ ನಗುತ್ತಿದ್ದಿರಿ ಎಂಬುದು ನಮಗೆ ಗೊತ್ತೇ ಇಲ್ಲ. ಇವತ್ತು ಹಾಡುವಾಗ ಯಾರಾದರೂ ನಕ್ಕರೆ ಮೊದಲಿನಿಂದ ಶುರು ಮಾಡಬೇಡಿ. ಮುಂದುವರಿಸಿ, ಹಾಗೇ ಇಡಿ. ನಾನೂ ಬೊನ್ನನೂ ಕೇಳಲಿಕ್ಕೆ ಕೂತಿದ್ದೇವೆ.

ಇಂತಿ,
ಸಂಕಪ್ಪ ಕೊಟ್ಟಾರಿ