ಬೀಳಗಿಯ ಎರಡನೆಯ ಸಾಲು

ಪ್ರೀತಿಯ ಕಾಕಾ,

ನೀನು ತೀರಿಹೋಗಿ ಇನ್ನೂ ಒಂದು ತಿಂಗಳಾಗಿಲ್ಲ. ಅಷ್ಟರಲ್ಲಿ ನಿನ್ನ ಕೆಲಸದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಯಾರ ಎದುರಿಗೂ ಬಾಯಿ ಬಿಟ್ಟಿಲ್ಲ. ನಿನಗೆ ಮೊದಲು ಹೇಳುತ್ತಿದ್ದೇನೆ.

ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ರಬಕವಿಯ ನಿನ್ನ ಇಂಟರ್‌ನೆಟ್ ಅಂಗಡಿಗೆ ಫೋನ್ ಎತ್ತಲು ಕರೆದ ದಿನ ನೆನಪಿದೆಯೇ? ನಿನ್ನ ಕಪ್ಪು ಪರದೆಯ ತುಂಬ ಬರೀ ಅಂಕಿಗಳ ಸಾಲು.

"ಏನ ಕಾಕಾ ಇದು?"

"ದಾರಿಗಳ ಪಟ್ಟಿ ಬೇ. ಜಮಖಂಡಿಗೆ ಯಾವ ಟವರಿನ ಮ್ಯಾಲೆ ಹೋಗಬೇಕು, ಮುಧೋಳಕ್ಕ ಯಾವುದರ ಮ್ಯಾಲೆ, ಎಲ್ಲಾ ಇದರಾಗ ಐತಿ. ಮಷಿನ್ನಿಗೆ ಊರು ಗೊತ್ತಿರೂದಿಲ್ಲ, ನಾವ ಹೇಳಬೇಕು."

ಸಾಲಿನ ಮೊದಲಿಗೆ ಊರಿನ ಸಂಖ್ಯೆ, ಆಮೇಲೆ ಅಲ್ಲಿಗೆ ದಾಟಿಸುವ ಟವರಿನ ಸಂಖ್ಯೆ. ಮಷಿನ್ ಆರಿದರೆ ಅವೆಲ್ಲ ಅಳಿಸಿಹೋಗುತ್ತವೆ, ಮತ್ತೆ ಕೈಯಿಂದ ಹೊಡೆಯಬೇಕು ಎಂದೂ ನೀನು ಹೇಳಿದ್ದೆ. ಫೈಲಿನಲ್ಲಿ ಇಡಬಾರದೇ ಎಂದು ನಾನು ಕೇಳಿದ್ದಕ್ಕೆ ನೀನು ನಕ್ಕೆ. "ಇಟ್ಟರ ಮರತ ಬಿಡತೇನಿ. ಕೈಲೆ ಹೊಡದರ ತಲ್ಯಾಗ ಇರತೈತಿ." ತಲೆಯಲ್ಲಿದ್ದದ್ದು ನಿನ್ನ ಜೊತೆಗೇ...

ಹೋದ ವಾರ ಮೇಜಿನ ಕೆಳಗಿನ ಬ್ಯಾಟರಿ ಉಬ್ಬಿತು. ಅದನ್ನು ಬದಲಿಸಲು ಮಷಿನ್ ಆರಿಸಲೇಬೇಕಿತ್ತು. ಮೊದಲು ಸಾಲುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಫೋಟೊ ತೆಗೆಯಬಹುದಿತ್ತು. ಆದರೆ ಹಳೆಯ ಓಲೆಗರಿಗಳನ್ನು ನಕಲು ಮಾಡಲು ಕಲಿತವಳು ನಾನು, ನನಗೆ ನನ್ನ ಕೈಬರಹದ ಮೇಲೆಯೇ ನಂಬಿಕೆ. ಬೀಳಗಿಗೆ ಎರಡು ಸಾಲುಗಳಿದ್ದವು. ಆರಂಭ ಒಂದೇ, ಟವರಿನ ಸಂಖ್ಯೆ ಮಾತ್ರ ಬೇರೆ. ಬರೆಯುವವನು ಕೈತಪ್ಪಿ ಒಂದೇ ಸಾಲನ್ನು ಎರಡು ಸಲ ಬರೆಯುವುದುಂಟು, ಅಂಥದ್ದು ಕಂಡರೆ ಒಂದನ್ನು ಬಿಡಬೇಕು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ನೀನೂ ಒಮ್ಮೆ ತಪ್ಪು ಹೊಡೆದು ಅಳಿಸಲು ಮರೆತಿದ್ದೀ ಎಂದುಕೊಂಡೆ. ಲೋಕಾಪುರದ ಟವರಿನ ಸಾಲನ್ನು ಉಳಿಸಿಕೊಂಡೆ, ಇನ್ನೊಂದನ್ನು ಬರೆದುಕೊಳ್ಳದೆ ಬಿಟ್ಟೆ. ಬ್ಯಾಟರಿ ಬದಲಿಸಿದ ಮೇಲೆ ನೋಟ್‌ಬುಕ್ಕಿನಲ್ಲಿದ್ದಷ್ಟನ್ನೇ ಮತ್ತೆ ಹೊಡೆದೆ. ನಿನ್ನನ್ನು ತಿದ್ದಲು ಹೋದೆ, ಕಾಕಾ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಗಾಳಿಗೆ ಲೋಕಾಪುರದ ಟವರಿನ ಡಿಶ್ ತಿರುಗಿತು, ಬೀಳಗಿಗೆ ನೆಟ್ ನಿಂತಿತು. ಹಿಂದೆಯೂ ಹೀಗಾದಾಗ ನೀನು ಚಹಾದ ಕಪ್ಪು ಕೆಳಗಿಡದೆ ಒಂದೇ ಕೈಯಿಂದ ಏನೋ ಹೊಡೆದು, "ಬಂತೇನ್ರೀ ಅಕ್ಕಾರ?" ಎಂದು ಫೋನಿನಲ್ಲಿ ಕೇಳುತ್ತಿದ್ದೆ. ಬಂದಿರುತ್ತಿತ್ತು. ಮೊದಲ ಸಾಲನ್ನು ತೆಗೆದು ಎರಡನೆಯದಕ್ಕೆ ಕೆಲಸ ಕೊಡುತ್ತಿದ್ದೆಯಲ್ಲವೇ? ನಾನು ನಿನ್ನ ಮುಖ ನೋಡುತ್ತ ಕುಳಿತಿರುತ್ತಿದ್ದೆ, ಪರದೆಯನ್ನಲ್ಲ.

ಈ ಸಲ ಆ ಅಕ್ಕಾರ ಫೋನು ನಾನು ಎತ್ತಿದೆ. ಬೀಳಗಿಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿ ಅವರದು. "ನರ್ಸಿಂಗ್ ಅರ್ಜಿಗೆ ನಾಳೆನ ಕಡೀ ದಿನ ಐತ್ರಿ. ಹುಡಗ್ಯಾರು ಮುಂಜಾನಿಂದ ಕುಂತಾರ, ಮೊಬೈಲಿನ್ಯಾಗ ಫೋಟೊ ಏರವಲ್ದು. ನಿಮ್ಮ ಕಾಕಾ ಮನಷಾ ಛಲೋ ಇದ್ದ್ರು, ಖರೆ ಕೆಲಸಾ ಅರ್ಧಕ್ಕ ಬಿಟ್ಟು ಹೋಗ್ಯಾರ ನೋಡ್ರಿ."

ನಾನು "ಹೌದ್ರಿ" ಅಂದೆ.

ಸಂಜೆ ಊಟಕ್ಕೆ ಕುಳಿತಾಗ ಅಪ್ಪನೂ ಅದನ್ನೇ ಹೇಳಿದ. "ಅಂವಾ ಮೊದಲಿಂದಾನೂ ಹಂಗ. ಯಾರಿಗೂ ಏನೂ ಹೇಳಾಂವಲ್ಲ." ನಾನು ಇನ್ನೊಂದು ರೊಟ್ಟಿ ಮುರಿದೆ.

ಮರುದಿನವೆಲ್ಲ ಮನಸ್ಸಿಗೆ ತೋಚಿದ ಸಂಖ್ಯೆ ಹೊಡೆದೆ. ಹೊಡೆದದ್ದಕ್ಕೆಲ್ಲ ದಾರಿ ಇಲ್ಲವೆಂದೇ ಉತ್ತರ. ಜಮಖಂಡಿಯಿಂದ ಬಂದ ರಿಪೇರಿಯವರು ಅರ್ಧ ತಾಸು ಪರದೆ ನೋಡಿ, "ಇವು ನಂಬರ ಯಾರ ಕೊಟ್ಟಾರ, ಅವರನ್ನ ಕೇಳಬೇಕ್ರಿ ತಂಗಿ" ಎಂದು ಚೀಲ ಹೆಗಲಿಗೇರಿಸಿದರು. ಎಲ್ಲ ಟವರು ಹತ್ತಿ ನೋಡಲು ಮುಂದಿನ ವಾರ ಬರುತ್ತಾರಂತೆ. ಎಲ್ಲಿ ಕೇಳಲಿ ನಿನ್ನನ್ನು?

ಅರ್ಜಿಯ ದಿನ ನಿನ್ನೆಗೆ ಮುಗಿಯಿತು. ಹೆಚ್ಚಿನ ಹುಡುಗಿಯರು ಮುಧೋಳಕ್ಕೆ ಹೋಗಿ ತುಂಬಿ ಬಂದರು. ಇಬ್ಬರನ್ನು ಮನೆಯವರು ಅಷ್ಟು ದೂರ ಕಳಿಸಲಿಲ್ಲ. ಬೀಳಗಿಯಲ್ಲೇ ಆಗುತ್ತದೆಂದು ಅವರು ನಿನ್ನನ್ನು ನಂಬಿದ್ದರು. ಅವರದೊಂದು ವರ್ಷ ಹೋಯಿತು. ಅದನ್ನು ನಾನು ಯಾವ ಸಾಲು ಹೊಡೆದು ತಿರುಗಿ ತರಲಿ?

ನಾಳೆ ಮೊದಲ ಬಸ್ಸಿಗೆ ಬೀಳಗಿಗೆ ಹೊರಟಿದ್ದೇನೆ. ಆ ಇಬ್ಬರನ್ನೂ ಅಂಗಡಿಗೆ ಕರೆಸಿರಿ ಎಂದು ಅಕ್ಕಾರಿಗೆ ಹೇಳಿದ್ದೇನೆ. ಯಾಕೆಂದು ಕೇಳಿದರು. ಫೋನಿನಲ್ಲಿ ಹೇಳಲಾಗಲಿಲ್ಲ. ಅವರ ಎದುರಿಗೆ ನಿಂತು ಹೇಳುತ್ತೇನೆ, ಕಾಕಾ. ನೀನು ಎರಡೂ ದಾರಿ ಹೊಂದಿಸಿಟ್ಟು ಹೋಗಿದ್ದೆ, ಒಂದನ್ನು ಬಿಟ್ಟವಳು ನಾನು ಎಂದು.

ನಿನ್ನ ಅಣ್ಣನ ಮಗಳು