ದೊರೆ ಮಲಗಿರಬೇಕು, ಲ್ಯಾಪ್‌ಟಾಪ್ ಎದ್ದಿರಬೇಕು

ಮಾರ್ಚ್ ೯, ಸೋಮವಾರ. ಬೆಳಿಗ್ಗೆ ೧೧

ದೊರೆ ಈಗ ಮಲಗಿದರು. ಎಂಟು ತಿಂಗಳು, ಎರಡು ಹಲ್ಲು, ಇಡೀ ಸಾಮ್ರಾಜ್ಯದಲ್ಲಿ ಒಬ್ಬಳೇ ಪ್ರಜೆ — ನಾನು. ಬಾಗಿಲು ಕಿರುಗುಟ್ಟದಂತೆ ಕೀಲಿಗೆ ಎಣ್ಣೆ ಬಿಟ್ಟದ್ದು ಸಾರ್ಥಕವಾಯಿತು. ಒಳಗೆ ಸುಂಯ್ ಡಬ್ಬಿ ಓಡುತ್ತಿದೆ. ಮಕ್ಕಳು ಮಲಗಲೆಂದೇ ಮಾರುವ ಮಿಷನ್ನು. ಸುಂಯ್ ಎನ್ನುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಅದು ನಿಂತರೆ ದೊರೆ ಎದ್ದರೆಂದೇ ಲೆಕ್ಕ.

ಆಫೀಸಿನ ಮೇಲ್ ಬಂದಿದೆ. ರಜೆ ಮುಗಿಸಿ ಬರುವ ಸೋಮವಾರ ಹಳೇ ಲ್ಯಾಪ್‌ಟಾಪ್ ತನ್ನಿ, ಹೊಸದು ಕೊಡುತ್ತೇವೆ. ಹಳೆಯದನ್ನು ಅಂದೇ ಅಳಿಸುತ್ತೇವೆ. ಸ್ವಂತದ್ದೇನಾದರೂ ಇದ್ದರೆ ತೆಗೆದುಕೊಳ್ಳಿ.

ಸ್ವಂತದ್ದೇನಾದರೂ ಅಂತೆ. ದೊರೆಯ ಇಡೀ ಜೀವಮಾನ ಅದರೊಳಗಿದೆ. ಫೋನ್ ತುಂಬಿದಾಗಲೆಲ್ಲ ಕೈಗೆ ಸಿಕ್ಕಿದ್ದು ಇದೇ; ಸುರಿದೆ, ಫೋನ್ ಖಾಲಿ ಮಾಡಿದೆ. ಬೇರೆಲ್ಲೂ ಪ್ರತಿ ಇಲ್ಲ. ನಾನೂರ ಇಪ್ಪತ್ತು ಜಿಬಿ. ಮೊದಲ ಸೀನು, ಮೊದಲು ಮಗುಚಿದ್ದು, ಮೊದಲ ನಗು. ನಗುವಿನ ವಿಡಿಯೋ ಒಂದೇ ಮೂರು ಜಿಬಿ. ನಗು ಇರುವುದು ಹತ್ತು ಸೆಕೆಂಡು. ಮಿಕ್ಕದ್ದು ಕ್ಯಾಮೆರಾ ನಿಲ್ಲಿಸಲು ಮರೆತದ್ದು — ಹಾಸಿಗೆ, ಫ್ಯಾನು, ನಾನು ಮೂಗು ಸೀಟುವ ಸದ್ದು.

ನೆಟ್ಟಿಗೆ ಏರಿಸೋಣವೆಂದರೆ ಇಪ್ಪತ್ತು ದಿನ ಎನ್ನುತ್ತದೆ. ಇವರು ಹೋದ ವರ್ಷ ಕೊಂಡ ಡ್ರೈವ್ ಒಂದಿದೆ, ಬೆಂಕಿಪೊಟ್ಟಣದಷ್ಟು, ಐನೂರು ಜಿಬಿ. ಡ್ರಾಯರಿನಲ್ಲಿ ಸಿಕ್ಕಿದ ಕೇಬಲ್‌ನಿಂದ ಸಿಕ್ಕಿಸಿ ಕಾಪಿ ಕೊಟ್ಟೆ.

ಉಳಿದ ಸಮಯ: ನಾಲ್ಕು ಗಂಟೆ.

ದೊರೆಯ ನಿದ್ದೆ: ಮುಕ್ಕಾಲು ಗಂಟೆ, ದಯೆ ತೋರಿದರೆ.

ಮಧ್ಯಾಹ್ನ ೩

ಹಾಲಿನ ಬಾಟಲಿ ತೊಳೆದು ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಮಲಗಿಬಿಟ್ಟಿದೆ. ಡ್ರೈವ್ ಕಳಚಿಕೊಂಡಿದೆ, ಕಾಪಿ ಅರ್ಧಕ್ಕೇ ಬಿದ್ದಿದೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಮಲಗಬೇಕೆಂದು ಆಫೀಸಿನವರು ಕಟ್ಟು ಹಾಕಿದ್ದಾರೆ, ಬದಲಿಸಲು ಬಿಡುವುದಿಲ್ಲ. ಈ ಮನೆಯಲ್ಲಿ ಮುಟ್ಟದಿದ್ದರೆ ಮಲಗುವುದು ಅದೊಂದೇ.

ಏನು ಹೋಯಿತು, ಏನು ಉಳಿಯಿತು — ತಿಳಿಯದು. ನಂಬಿಕೆ ಸಾಲಲಿಲ್ಲ. ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆ. ಎಡಗೈ ಮೌಸಿನ ಮೇಲೆ, ಕಿವಿ ಕೋಣೆಯ ಕಡೆ. ಒಬ್ಬರು ಮಲಗಿರಬೇಕು, ಒಬ್ಬರು ಎದ್ದಿರಬೇಕು, ಇಬ್ಬರನ್ನೂ ಕಾಯುವವಳು ನಾನು.

ದೊರೆ ಎದ್ದರು. ಬಂದವರೇ ಕೇಬಲ್ ಬಾಯಿಗಿಟ್ಟುಕೊಂಡರು.

ಮಾರ್ಚ್ ೧೦, ಮಂಗಳವಾರ

ನಿನ್ನೆ ಸಂಜೆ ಇವರಿಗೆ ಮೌಸ್ ಕೊಟ್ಟು ದೊರೆಯನ್ನು ಎತ್ತಿಕೊಂಡು ಓಡಾಡಿದೆ. "ಇದೊಂದು ಕೆಲಸಾನಾ, ನಾನು ಮಾಡ್ತೀನಿ ಬಿಡು" ಅಂದರು. ಹೋಗಿ ನೋಡಿದರೆ ಇವರು ಮಲಗಿದ್ದಾರೆ, ಲ್ಯಾಪ್‌ಟಾಪ್ ಮಲಗಿದೆ, ಇಬ್ಬರದೂ ಬಾಯಿ ಅರ್ಧ ತೆರೆದಿದೆ. ಎದ್ದಿದ್ದವರು ನಾನು ಮತ್ತು ದೊರೆ.

ಮಾರ್ಚ್ ೧೧, ಬುಧವಾರ. ಬೆಳಿಗ್ಗೆ

ಹೊಸ ದಾರಿ. ನಿದ್ದೆ ಹಿಗ್ಗಿಸಲಾರೆ, ವೇಗ ಹೆಚ್ಚಿಸಬಹುದಲ್ಲ.

ಡ್ರೈವಿನ ಡಬ್ಬ ಹುಡುಕಿ ತೆಗೆದೆ. ಮೇಲೆ ದಪ್ಪಕ್ಷರದಲ್ಲಿ ಸೆಕೆಂಡಿಗೆ ಐದು ಸಾವಿರ ಮೆಗಾಬಿಟ್ ಎಂದಿದೆ. ನನ್ನ ಸ್ಕ್ರೀನಿನಲ್ಲಿ ಮೂವತ್ತನಾಲ್ಕು. ಇವರಿಗೆ ಫೋನ್ ಮಾಡಿದೆ.

"ಅದು ಬಿಟ್ಟು ಕಣೇ, ನೀನು ನೋಡ್ತಿರೋದು ಬೈಟು. ಎಂಟು ಬಿಟ್ಟಿಗೆ ಒಂದು ಬೈಟು. ಮಾರೋರು ಚಿಲ್ಲರೆಲಿ ಎಣಿಸಿ ದೊಡ್ಡದು ಮಾಡ್ತಾರೆ, ಕಂಪ್ಯೂಟರ್ ನೋಟಲ್ಲಿ ಎಣಿಸುತ್ತೆ."

"ಚಿಲ್ಲರೆ ಕಳೆದ್ರೂ ನಾನೂರಾದ್ರೂ ಬರಬೇಕಲ್ರೀ."

"ತೂತು ಬದಲಾಯಿಸಿ ನೋಡು. ನೀಲಿ ಬಾಯಿದು ಫಾಸ್ಟು."

ಲ್ಯಾಪ್‌ಟಾಪಿಗೆ ಎಡಗಡೆ ಒಂದು ಕಪ್ಪು ಬಾಯಿ, ಬಲಗಡೆ ಒಂದು ನೀಲಿ. ಒಂದೇ ಬಾಯಿಯನ್ನು ನಾಲ್ಕು ಮಾಡುವ ಹಬ್ ಕೂಡ ಮನೆಯಲ್ಲಿದೆ. ಸರಿ, ಪರೀಕ್ಷೆ. ಕಾಪಿ ಮಾಡಲು ಎಲ್ಲದಕ್ಕೂ ಒಂದೇ ಫೈಲು — ಮೊದಲ ನಗು. ಕಾಲೇಜಿನ ಲ್ಯಾಬಿನಲ್ಲಿ ಮೇಡಂ ಹೇಳುತ್ತಿದ್ದರು, ಒಂದು ಸಲ ಅಳೆದದ್ದು ಅಳತೆಯಲ್ಲ, ಮೂರು ಸಲ ಅಳೆದು ಸರಾಸರಿ ತೆಗೀಬೇಕು. ಮೂರು ಮೂರು ಸಲ ಅಳೆದೆ.

ಕಪ್ಪು ಬಾಯಿ: ಮೂವತ್ತನಾಲ್ಕು. ನೀಲಿ ಬಾಯಿ: ಮೂವತ್ತನಾಲ್ಕು. ಹಬ್: ಇಪ್ಪತ್ತೆಂಟು, ಮೇಲೆ ಬಿಸಿ ಬೇರೆ.

ನೀಲಿಗೂ ಕಪ್ಪಿಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಇದು ಅನುಮಾನಕ್ಕೆ ಎಡೆ ಕೊಡುತ್ತದೆ.

ಸಂಜೆ

ಮತ್ತೆ ಅಳೆದೆ. ಚಾರ್ಜರ್ ಹಾಕಿ, ತೆಗೆದು. ವೈಫೈ ಬಂದ್ ಮಾಡಿ. ಡ್ರೈವನ್ನು ಮಲಗಿಸಿ, ನಿಲ್ಲಿಸಿ, ಒದ್ದೆ ಬಟ್ಟೆಯ ಮೇಲೆ ತಣ್ಣಗಿಟ್ಟು. ಮೂವತ್ತನಾಲ್ಕು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪ್ರತಿ ಸಲವೂ ಒಂದು ನಗು ಡ್ರೈವಿಗೆ ಹೋಗಿ ಕೂರುತ್ತದೆ, ಅದಕ್ಕೊಂದು ಹೊಸ ನಂಬರು ಬೀಳುತ್ತದೆ.

ಇವರು ಬಂದು ಡ್ರೈವೇ ಡೂಪ್ಲಿಕೇಟ್ ಇರಬೇಕು ಅಂದರು. ಕೊಂಡವರು ಯಾರು ಎಂದೆ. ಇವರು ತಟ್ಟೆ ಎಳೆದುಕೊಂಡು ಕೂತರು. ಊಟದಲ್ಲಿ ಉಪ್ಪು ಹೆಚ್ಚಾಗಿದೆ ಎಂದೂ ಹೇಳಲಿಲ್ಲ. ಹೆಚ್ಚಾಗಿತ್ತು.

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಇವರು ಒಂದು ಯಂತ್ರ ಕಟ್ಟಿಕೊಟ್ಟು ಹೋದರು, ರಾಜಿಗಾಗಿ ಇರಬೇಕು. ದೊರೆಯನ್ನು ತೂಗುವ ಕುರ್ಚಿಯ ಕಾಲಿಗೆ ಮೌಸ್ ಕಟ್ಟುವುದು. ದೊರೆ ಒದೆಯುತ್ತಾರೆ, ಕುರ್ಚಿ ಆಡುತ್ತದೆ, ಮೌಸ್ ಅಲುಗುತ್ತದೆ, ಲ್ಯಾಪ್‌ಟಾಪ್ ಎದ್ದಿರುತ್ತದೆ. ಲ್ಯಾಪ್‌ಟಾಪ್ ಕೈಗೆಟುಕದಂತೆ ಕಪಾಟಿನ ಮೇಲೆ.

ದಿನವಿಡೀ ಗಾಳಿಗೂ ಒದೆಯುವ ದೊರೆ, ಕಟ್ಟಿದ ಕೂಡಲೇ ಒದೆಯುವುದನ್ನು ನಿಲ್ಲಿಸಿದರು. ಕಾಲು ಮಡಿಚಿ ನನ್ನನ್ನೇ ನೋಡಿದರು. ತಮ್ಮಿಂದ ಏನೋ ಉಪಯೋಗವಾಗುತ್ತಿದೆ ಎಂದು ಗೊತ್ತಾಗಿಬಿಟ್ಟಿದೆ. ಅಪ್ಪನ ಮಗ.

ಕಾಪಿ ಮತ್ತೆ ಅರ್ಧಕ್ಕೇ. ಮತ್ತೆ ಎಲ್ಲ ಅಳಿಸಿದೆ. ನಗುಗಳನ್ನು ಮಾತ್ರ ಬಿಟ್ಟೆ. ಇರಲಿ.

ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು ಸ್ವಲ್ಪ ಅತ್ತೆ. ವಿಡಿಯೋ ಹೋದರೆ ಏನಾಯಿತು, ಮಗು ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಮಗು ಇದೆ. ಆದರೆ ಆ ಮೊದಲ ಮೂರು ತಿಂಗಳು ನನಗೆ ನೆನಪೇ ಇಲ್ಲ. ನಿದ್ದೆಯಿಲ್ಲದೆ ಎಲ್ಲ ಬೂದಿ ಬಣ್ಣ. ವಿಡಿಯೋ ನೋಡಿದಾಗಲೇ ಗೊತ್ತಾಗುವುದು, ಓ, ನಾನು ಅಲ್ಲಿದ್ದೆ, ಅವನನ್ನು ಎತ್ತಿಕೊಂಡಿದ್ದೆ ಎಂದು. ಸೋಮವಾರದಿಂದ ಹಗಲು ನಾನು ಅವನ ಜೊತೆ ಇರುವುದೂ ಇಲ್ಲ.

ಮಾರ್ಚ್ ೧೩, ಶುಕ್ರವಾರ. ಮಧ್ಯಾಹ್ನ

ಸಿಕ್ಕಿತು.

ಡ್ರೈವಿನ ಖಾಲಿ ಡಬ್ಬ ದೊರೆಗೆ ಆಡಲು ಕೊಟ್ಟಿದ್ದೆ. ತಿಂದು ಮುಗಿಸುವ ಮೊದಲು ಕಿತ್ತುಕೊಂಡೆ. ಅದರ ಪಕ್ಕದಲ್ಲಿ ಒಂದು ಚಿತ್ರ. ಡ್ರೈವು, ಜೊತೆಗೆ ಗೇಣುದ್ದದ ದಪ್ಪ ಕೇಬಲ್, ತುದಿಯ ಒಳಗೆ ನೀಲಿ. ನಾನು ಹಚ್ಚುತ್ತಿರುವುದು ಮಾರುದ್ದದ ಸಣಕಲು, ಬಿಳಿ. ಫೋನ್ ಚಾರ್ಜ್ ಮಾಡುವುದು. ಕರೆಂಟಿಗೆ ಸಾಕು, ಫೈಲಿಗೆ ಹಳೇ ಕಾಲದ ವೇಗವೇ. ತೂತು, ಹಬ್ಬು, ವೈಫೈ, ಗಂಡ — ಎಲ್ಲರನ್ನೂ ಅನುಮಾನಿಸಿದೆ. ಕೈಯಲ್ಲಿ ಹಿಡಿದಿದ್ದ ಕೇಬಲ್ಲನ್ನು ಬಿಟ್ಟು.

ಆ ದಪ್ಪ ಕೇಬಲ್ಲನ್ನು ಎಲ್ಲೋ ನೋಡಿದ್ದೇನೆ. ಎಲ್ಲೋ ಏನು, ದಿನಾ ನೋಡುತ್ತೇನೆ.

ಸುಂಯ್ ಡಬ್ಬಿಯ ಬೆನ್ನಲ್ಲಿದೆ.

ರಾತ್ರಿ

"ಅದರ ಸ್ವಂತ ವೈರು ಸಡಿಲ ಆಗಿತ್ತಲ್ಲ, ಇದು ಬಿಗಿಯಾಗಿ ಕೂತ್ಕೊಳ್ತು, ಹಾಕ್ದೆ" ಎಂದರು ಇವರು, ಬಹಳ ಸಹಜವಾಗಿ.

"ಹಾಕಿದ್ದು ಹೇಳಬಾರದಾ?"

"ನೀನೇ ಹೇಳಿದ್ದೆ, ಏನಾದ್ರೂ ಮಾಡ್ರೀ, ಅದು ನಿಲ್ಲಬಾರದು ಅಂತ. ಏನಾದ್ರೂ ಮಾಡ್ದೆ."

ಹೇಳಿದ್ದೆ, ಹೌದು. ಬೂದಿ ಬಣ್ಣದ ಕಾಲದಲ್ಲಿ.

ದೊರೆ ಎದ್ದಿದ್ದಾಗಲೇ ಕೇಬಲ್ ತಂದು ಒಂದು ನಗು ಕಾಪಿ ಮಾಡಿ ನೋಡಿದೆ. ನೀಲಿ ಬಾಯಿ, ದಪ್ಪ ಕೇಬಲ್: ನಾನೂರಾ ಹತ್ತು. ಮೂರು ಸಲ. ಮುಚ್ಚಳ ತೆಗೆದ ಹಾಗೆ. ಅಷ್ಟೂ ಜೀವಮಾನ ಇಪ್ಪತ್ತೇ ನಿಮಿಷದಲ್ಲಿ ಆಚೆ ಬರುತ್ತದೆ.

ಮಾಡಿಯೇಬಿಡೋಣ ಎನ್ನುವಷ್ಟರಲ್ಲಿ ದೊರೆಗೆ ನಿದ್ದೆ ಬಂತು. ಸುಂಯ್ ಡಬ್ಬಿಗೆ ಬಿಳಿ ವೈರು ಹಾಕಿ ನೋಡಿದೆವು. ಸುಂಯ್... ನಿಂತಿತು. ಸುಂಯ್... ನಿಂತಿತು. ದೊರೆ ಮೂರನೇ ಸುಂಯ್‌ಗೆ ಕಿರುಚಿದರು. ಕೇಬಲ್ ವಾಪಸ್ಸು ಹೋಯಿತು.

ನಾಳೆ ಅತ್ತೆ ಬರುತ್ತಾರೆ. ಇನ್ನು ಮೇಲೆ ಹಗಲಲ್ಲಿ ಮಗು ಅವರ ಕೈಯಲ್ಲಿ. ಅವರು ಹೊರಗೆ ಸುತ್ತಿಸಿಕೊಂಡು ಬಂದರೆ ನಮಗೆ ಇಪ್ಪತ್ತು ನಿಮಿಷ ಸಿಗುತ್ತದೆ.

ಮಾರ್ಚ್ ೧೪, ಶನಿವಾರ

ಅತ್ತೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ದೊರೆ ಮಲಗಿಬಿಟ್ಟರು. ಎದ್ದ ಮೇಲೆ ಮಾಡೋಣ ಎಂದೆ. ಇವರು ಇಡೀ ಕಥೆ ಅಮ್ಮನಿಗೆ ಹೇಳಿದರು. ಅತ್ತೆ ಕೇಳುತ್ತ ಕೋಣೆಗೆ ಹೋದರು, ಡಬ್ಬಿಯ ಬೆನ್ನಿಂದ ಕೇಬಲ್ ಕಿತ್ತು, ತಂದು ನನ್ನ ಕೈಯಲ್ಲಿಟ್ಟರು.

ಸುಂಯ್ ನಿಂತಿತು.

"ಅತ್ತೆ, ಎದ್ದುಬಿಡ್ತಾನೆ."

"ಎದ್ರೆ ಎತ್ಕೊಳ್ತೀನಿ. ಇವನನ್ನೇನು ನಾನು ಮಿಷನ್ ಹಾಕಿ ಬೆಳೆಸಿದ್ನಾ?" ಎಂದು ಮಗನ ಕಡೆ ತೋರಿಸಿದರು.

"ಅದಕ್ಕೇ ಹೀಗಿದಾರೆ" ಎಂದೆ. ಬಾಯಿ ತಪ್ಪಿ ಬಂತು. ಅತ್ತೆ ನಕ್ಕರು, ಪುಣ್ಯ. ತೊಟ್ಟಿಲ ಪಕ್ಕ ಕೂತು ತಾವೇ ಹೂಂ... ಎಂದು ಶುರು ಮಾಡಿದರು, ಡಬ್ಬಿಯ ಹಾಗೇ, ಆದರೆ ಮಧ್ಯೆ ಮಧ್ಯೆ ಕೆಮ್ಮು.

ಹಚ್ಚಿದೆ. ನಾನೂರು. ಪಟ್ಟಿ ಓಡಿತು. ಮೌಸ್ ಅಲುಗಿಸುತ್ತ ಕೂತೆ. ಇವರು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಅರ್ಧ. ಮುಕ್ಕಾಲು. ಆಮೇಲೆ ನಿಂತಿತು.

ಡ್ರೈವಿನಲ್ಲಿ ಜಾಗ ಸಾಲದು.

"ಐನೂರು ಜಿಬಿ ಕಣೇ, ಹೇಗೆ ಸಾಲಲ್ಲ?"

ತೆರೆದು ನೋಡಿದರೆ ನಗು. ಮೇಲಿಂದ ಕೆಳಗೆ ಬರೀ ನಗು. ಮೂವತ್ತು ನಗು, ತಲಾ ಮೂರು ಜಿಬಿ. ಸರಾಸರಿ ತೆಗೆದದ್ದು.

"ಅಳಿಸು."

ಮೊದಲನೆಯದನ್ನು ಒತ್ತಿದೆ. ಶಾಶ್ವತವಾಗಿ ಅಳಿಸಬೇಕೇ ಎಂದು ಕೇಳಿತು. ಬೇಡ ಎಂದು ಒತ್ತಿದೆ.

"ಎಲ್ಲಾ ಒಂದೇ ನಗು ಕಣೇ."

"ಗೊತ್ತು."

"ಮತ್ತೆ?"

"ಇವುಗಳಲ್ಲಿ ಯಾವುದು ಸರಿಯಾಗಿ ಬಂದಿದೆಯೋ ಏನೋ. ಒಂದು ನೋಡಿಬಿಡ್ತೀನಿ."

ನೋಡಿದೆವು. ಹತ್ತು ಸೆಕೆಂಡು. ಹಲ್ಲಿಲ್ಲದ ಬೊಚ್ಚು ಬಾಯಿ, ಯಾರೋ ಕಚಗುಳಿ ಇಟ್ಟ ಹಾಗೆ ಕೇಕೆ. ಆಮೇಲೆ ಹಾಸಿಗೆ, ಫ್ಯಾನು. ನಾನು ಮೂಗು ಸೀಟುವುದು. ಅದರ ಹಿಂದೆ ಇನ್ನೊಂದು ಮೂಗಿನ ಸದ್ದು. ಇಷ್ಟು ದಿನ ನನ್ನ ಮೂಗಿನಾಚೆಗೆ ಕಾದು ಕೇಳಿದ್ದೇ ಇಲ್ಲ.

"ನೀವೂ ಅತ್ತಿದ್ರಾ?"

"ನೆಗಡಿ ಆಗಿತ್ತು" ಎಂದು ಇವರು ಮೌಸ್ ಕಿತ್ತುಕೊಂಡು ಇಪ್ಪತ್ತೆಂಟು ನಗು ಅಳಿಸಿದರು. ಎರಡು ಬಿಟ್ಟರು. "ಒಂದು ನಿನಗೆ, ಒಂದು ನೆಗಡಿಗೆ" ಅಂದರು.

ಉಳಿದದ್ದೆಲ್ಲ ಸರಸರನೆ ಹೋಯಿತು. ಮುಗಿಯಿತು. ಆಗ ನೆನಪಾಯಿತು — ಕೋಣೆಯಿಂದ ಹೂಂ ಕೇಳಿಸುತ್ತಿಲ್ಲ. ಓಡಿದೆ. ಅತ್ತೆ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಾರೆ. ಸುಂಯ್ ಇಲ್ಲ, ಹೂಂ ಇಲ್ಲ. ದೊರೆ ಎರಡು ಕೈ ಮೇಲೆ ಚಾಚಿ ಸೊಂಪಾಗಿ ಮಲಗಿದ್ದಾರೆ.

ಎಂದೂ ಇಲ್ಲದಷ್ಟು ಹೊತ್ತು ಮಲಗಿದರು.

ಮಾರ್ಚ್ ೧೫, ಭಾನುವಾರ

ಒಂದೊಂದೇ ವಿಡಿಯೋ ತೆರೆದು ನೋಡಿದೆ. ಎಲ್ಲ ಬಂದಿವೆ. ಸೀನೂ ಬಂದಿದೆ.

ನಿನ್ನೆ ರಾತ್ರಿ ದೊರೆ ಸುಂಯ್ ಇಲ್ಲದೆ ಅಜ್ಜಿಯ ಪಕ್ಕ ಮಲಗಿದರು. ನನಗೆ ನಿದ್ದೆ ಹತ್ತಲಿಲ್ಲ, ನಿಶ್ಶಬ್ದ ಕಿವಿಗೆ ಚುಚ್ಚುತ್ತಿತ್ತು. ಕೊನೆಗೆ ಇವರೇ ಎದ್ದು ಹೋಗಿ ಡಬ್ಬಿಯನ್ನು ನಮ್ಮ ಕೋಣೆಗೆ ತಂದು ಹಚ್ಚಿದರು. "ಯಾರಿಗೂ ಹೇಳಬೇಡ" ಅಂದರು.

ಮಾರ್ಚ್ ೧೬, ಸೋಮವಾರ. ಆಫೀಸು

ಲ್ಯಾಪ್‌ಟಾಪ್ ಕೊಟ್ಟಾಯಿತು. ಪಡೆದವರು ಒಂದು ಸಹಿ ಹಾಕಿಸಿಕೊಂಡು ಕಪಾಟಿನಲ್ಲಿಟ್ಟರು. ಡ್ರೈವ್ ನನ್ನ ಬ್ಯಾಗಿನಲ್ಲಿದೆ. ಎರಡು ಸಲ ಮುಟ್ಟಿ ನೋಡಿಕೊಂಡೆ. ಮೂರನೆಯ ಸಲ ಸರಾಸರಿಗಾಗಿ.

ಹೊಸ ಲ್ಯಾಪ್‌ಟಾಪ್ ಚೆನ್ನಾಗಿದೆ. ಎಲ್ಲ ಬಾಯಿಯೂ ನೀಲಿ.

೧೧:೪೦

ಅತ್ತೆ ಫೋನ್ ಮಾಡಿದ್ದರು. "ನಿಂತ ಕಣಮ್ಮ. ಕುರ್ಚಿ ಹಿಡ್ಕೊಂಡು ಒಬ್ನೇ ನಿಂತ. ಅಳಬೇಡ, ವಿಡಿಯೋ ಮಾಡಿದೀನಿ. ನನ್ನ ಬೆರಳೂ ಬಂದಿದೆ ಸ್ವಲ್ಪ." ಅಳುತ್ತಿಲ್ಲ ಎಂದೆ. "ನೆಗಡಿನಾ?" ಎಂದರು. ಮಗ ಹೇಳಿರಬೇಕು.

ಮೊದಲು ನಿಂತದ್ದು. ನಾನು ಇಲ್ಲಿ, ಅವನು ಅಲ್ಲಿ.

ಕಳಿಸಿದ್ದಾರೆ. ಫೋನಿನಲ್ಲಿ ಇಳಿಯುತ್ತಿದೆ. ಆಫೀಸಿನ ನೆಟ್ಟು ಆಮೆ. ಇದಕ್ಕೆ ಯಾವ ಕೇಬಲ್ ಹಚ್ಚಲಿ? ನಲವತ್ತು ಪರ್ಸೆಂಟ್. ಮಸುಕು ಮಸುಕಾಗಿ ಒಂದು ಕುರ್ಚಿ ಕಾಣುತ್ತಿದೆ, ಅತ್ತೆಯ ಬೆರಳು ಕಾಣುತ್ತಿದೆ.

ಅರವತ್ತು. ಮೀಟಿಂಗಿಗೆ ಎಲ್ಲರೂ ಎದ್ದು ಹೋದರು.

ಎಂಬತ್ತು. ಮ್ಯಾನೇಜರ್ ವಾಪಸ್ಸು ಬಂದು ಪಕ್ಕದಲ್ಲೇ ನಿಂತಿದ್ದಾರೆ. ಒಂದು ನಿಮಿಷ ಸರ್ ಎಂದೆ. ಏನದು ಎಂದು ಬಗ್ಗಿದರು. ನೋಡಿದರು. ಕುರ್ಚಿ ಎಳೆದುಕೊಂಡು ಕೂತರು.

ತೊಂಬತ್ತೆಂಟು. ತೊಂಬತ್ತೊಂ—