ಹೊಗೆಗುಂಡಿಗೆ ಕೆಂಪು ಬಂದ ದಿನ

ಎರಡನೆಯ ಆಟಿ ತಿಂಗಳು, ಮೂವತ್ತೊಂಬತ್ತನೆಯ ದಿನ
ಮಳೆಲೆಕ್ಕದ ವರ್ಷ ನೂರ ಹದಿನಾಲ್ಕು
ಕಾರ್ಕಳ

ಹಿಂದಿನವರಿಗೆ ನಮಸ್ಕಾರ.

ಮೇಲಿನ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಕರಾವಳಿಯ ಜಡಿಮಳೆಯ ಆಟಿ ತಿಂಗಳು ನಿಮಗೆ ಒಂದೇ ಇತ್ತು. ನಮ್ಮ ಮಳೆ ಅದರೊಳಗೆ ಹಿಡಿಸದೆ ಹೋದದ್ದರಿಂದ ಎರಡು ಮಾಡಿಕೊಂಡೆವು, ಎರಡನೆಯದನ್ನು ಮಳೆ ನಿಲ್ಲುವವರೆಗೂ ಎಳೆಯುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ತೊಂಬತ್ತರ ಆಸುಪಾಸು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವಳು. ಸಾಹಿತ್ಯ ಓದಿ ಪದವಿ ಪಡೆದವರು ಕೆಲಸಕ್ಕೆ ಸೇರುವ ಮೊದಲು ಒಂದು ಪತ್ರವನ್ನು ಹಿಂದಕ್ಕೆ ಬರೆಯಬೇಕೆಂಬುದು ನಮ್ಮ ಕಾಲೇಜಿನ ಪದ್ಧತಿ. ಅದು ಯಾರಿಗೆ ತಲುಪುತ್ತದೆ ಎಂದು ಕೇಳಿದರೆ ನಮ್ಮ ಪ್ರೊಫೆಸರರು ನಗುತ್ತಾರೆ. ಜೊತೆಯವರು ಬೇಸಿಗೆಯ ಬಗ್ಗೆ, ಅಕ್ಕಿಯ ಬಗ್ಗೆ ಬರೆದರು. ನಾನು ಒಂದು ಜಲಪಾತದ ಬಗ್ಗೆ ಬರೆಯುತ್ತಿದ್ದೇನೆ, ಅದೂ ಅವಸರದಲ್ಲಿ. ನಾಳೆ ಬೆಳಿಗ್ಗೆ ನನ್ನ ದೊಡ್ಡಮ್ಮನ ಮಗಳು ಚಾರುಮತಿ ಅಲ್ಲಿಗೆ ಹೋಗುತ್ತಾಳೆ. ಹೋದವಳು ನೀರಿಗಿಳಿಯುತ್ತಾಳೆ. ನನಗೆ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲುತ್ತಿಲ್ಲ.

ಕಾರ್ಕಳದಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹತ್ತಿಹೋಗುವ ಘಾಟಿ ರಸ್ತೆ ನಿಮಗೆ ಗೊತ್ತಿರುತ್ತದೆ. ನೀವು ತಿರುವಿನಲ್ಲಿ ಕಾರು ನಿಲ್ಲಿಸಿ, ಫೋಟೊ ತೆಗೆದು, ಮುಂದಿನ ಜಲಪಾತಕ್ಕೆ ಹೊರಡುತ್ತಿದ್ದಿರಂತೆ. ಒಂದೇ ದಿನಕ್ಕೆ ನಾಲ್ಕೈದು ನೋಡಿ, ಸಂಜೆ ಊಟಕ್ಕೆ ಮನೆ ಸೇರುತ್ತಿದ್ದಿರಂತೆ. ನಮ್ಮಲ್ಲಿ ಒಂದು ಮನೆಗೆ ಸರದಿ ಬರುವುದು ಹನ್ನೊಂದು ವರ್ಷಕ್ಕೊಮ್ಮೆ, ಅದೂ ಹೊರದಿನ ಸಿಕ್ಕರೆ. ಬಿಸಿಲೂ ಮಳೆಯೂ ಮನುಷ್ಯರನ್ನು ಅಂಗಳ ದಾಟಲು ಬಿಡುವ ದಿನಕ್ಕೆ ನಾವು ಹೊರದಿನ ಎನ್ನುತ್ತೇವೆ. ಉದ್ಯಾನದ ಬಾಗಿಲಲ್ಲಿ ನಮ್ಮ ಚಪ್ಪಲಿ ಬಿಟ್ಟು ಅವರು ಕೊಡುವುದನ್ನು ಹಾಕಿಕೊಳ್ಳಬೇಕು. ಹೊರಗಿನ ಕಳೆಯ ಬೀಜ ಒಳಗೆ ಹೋಗಬಾರದೆಂದು ಸೀರೆಯಂಚು, ಪ್ಯಾಂಟಿನ ಮಡಿಕೆಗಳನ್ನು ಬ್ರಷ್ಷಿನಿಂದ ತಿಕ್ಕುತ್ತಾರೆ, ತಲೆಗೂದಲನ್ನೂ ಬಾಚುತ್ತಾರೆ. ಆಮೇಲೆ ನಿಧಾನಿ ಹತ್ತಬೇಕು. ನಿಧಾನಿಯೆಂದರೆ ಗಾಜಿಲ್ಲದ, ಹಾರನ್ನಿಲ್ಲದ, ಚಕ್ರಕ್ಕೆ ತೆಂಗಿನ ನಾರು ಸುತ್ತಿದ ಬಂಡಿ. ನಡೆಯುವವರಿಗಿಂತ ಸ್ವಲ್ಪವೇ ಮುಂದೆ ಹೋಗುತ್ತದೆ. ಎರಡು ಆಟಿಗಳ ನಡುವಿನ ಬಿಡುವಿನಲ್ಲಿ ನಮ್ಮ ಮನೆಯ ಸರದಿ ಬಂದಾಗ ಚಾರುಮತಿ ಗಂಡನ ಮನೆಯಲ್ಲಿದ್ದಳು, ಆ ಮನೆಯ ಸರದಿ ಬೇರೆ. ದೊಡ್ಡಮ್ಮ ವಿಜಯಾಂಬೆಯ ಜೊತೆ ನಾನು ಹೋದೆ. ನನ್ನನ್ನು ಸಾಕಿದವರು ಅವರೇ. ನಾನು ಆಡದ ಮಾತನ್ನೆಲ್ಲ ಸೇರಿಸಿ ಆಡುವವರು. ನಿಧಾನಿ ಹೊರಟು ಅರ್ಧ ಗಂಟೆಯಾದರೂ ಬಾಗಿಲು ಹಿಂದೆ ಕಾಣುತ್ತಲೇ ಇದ್ದಾಗ, ಇದಕ್ಕಿಂತ ತನ್ನ ಮದುವೆಯ ದಿಬ್ಬಣ ಬೇಗ ಹೋಗಿತ್ತು, ಅದರಲ್ಲಿ ಭಾವಂದಿರೆಲ್ಲ ಮುನಿಸಿಕೊಂಡು ದಾರಿಯಲ್ಲಿ ಕೂತಿದ್ದರೂ ಎಂದು ಪಕ್ಕದವರಿಗೆಲ್ಲ ಪಿಸುಗುಟ್ಟಿ ನಗಿಸಿದರು.

ಪಿಸುಗುಟ್ಟಿದ್ದು ಏಕೆಂದರೆ ಆ ರಸ್ತೆಯೆಲ್ಲ ಮೌನವಲಯ. ಸಿಂಗಳೀಕಗಳು ಮರದಿಂದ ಮರಕ್ಕೆ ಹಗ್ಗದ ಸೇತುವೆಯ ಮೇಲೆ ದಾಟುವುದನ್ನು ಕೆಳಗಿನಿಂದ ನೋಡಿದೆವು. ದಾರಿಯುದ್ದಕ್ಕೂ ಸಣ್ಣ ಜಲಪಾತಗಳು. ಒಂದು ಜಲಪಾತ ರಸ್ತೆಯ ಅಂಚಿಗೇ ಬಿದ್ದು ನಮ್ಮ ಮೊಣಕೈ ಒದ್ದೆ ಮಾಡಿತು. ಇನ್ನೊಂದು, ಬಂಡೆಯ ಮೇಲೆ ಹರಡಿ, ಬೀಳುತ್ತಿದೆಯೋ ಬೆವರುತ್ತಿದೆಯೋ ತಿಳಿಯದ ಹಾಗೆ ಇತ್ತು. ನಿಮ್ಮ ಕಾಲದವರು ಇವುಗಳ ಬಗ್ಗೆ ಬರೆದದ್ದನ್ನು ಸಿಕ್ಕಷ್ಟೂ ಓದಿದ್ದೇನೆ. ಎಲ್ಲರೂ ಹಾಲು ಸುರಿದಂತೆ ಎಂದಿದ್ದಾರೆ. ಯಾವ ತಿಂಗಳಲ್ಲಿ ಯಾವ ಬಂಡೆ ಒಣಗಿರುತ್ತಿತ್ತು ಎಂದು ಒಬ್ಬರೂ ಹೇಳಿಲ್ಲ. ಮೊದಲು ಇಲ್ಲಿ ನೀರು ಹೇಗೆ ಏರುತ್ತಿತ್ತು ಎಂದು ತಿಳಿಯಲು ನಮಗೆ ಬೇರೆ ದಾರಿಯಿರಲಿಲ್ಲ.

ಈಗಂತೂ ನೀರು ಹೇಳಿ ಕೇಳಿ ಏರುವುದಿಲ್ಲ. ನಮ್ಮಲ್ಲಿ ಗುಪ್ಪೆಮಳೆ ಎಂಬುದೊಂದಿದೆ. ಒಂದು ಗುಡ್ಡದ ತಲೆಯ ಮೇಲೆ ಇಡೀ ವಾರದ ಮಳೆ ಒಟ್ಟಿಗೆ ಬಿದ್ದುಬಿಡುತ್ತದೆ, ಪಕ್ಕದ ಗುಡ್ಡದಲ್ಲಿ ಬಿಸಿಲಿರುತ್ತದೆ. ಕೆಳಗೆ ಜಲಪಾತದ ಗುಂಡಿಯಲ್ಲಿ ನಿಂತವರಿಗೆ ಏನೂ ತಿಳಿಯುವುದಿಲ್ಲ. ಹಿಂದೆ ಎಚ್ಚರಿಸಲು ಸೈರನ್ ಇತ್ತಂತೆ. ಅದು ಕೂಗಿದಾಗ ಸಿಂಗಳೀಕದ ತಾಯಂದಿರು ಬೆದರಿ ಓಡುವ ಗಡಿಬಿಡಿಯಲ್ಲಿ ಮರಿಗಳು ಕೆಳಗೆ ಬಿದ್ದು ಸತ್ತವು, ಸೈರನ್ ತೆಗೆದರು. ಆ ಕಣಿವೆಯಲ್ಲಿ ಯಂತ್ರದ ಸಂದೇಶ ಯಾವುದೂ ಹಿಡಿಯುವುದಿಲ್ಲ. ಆದ್ದರಿಂದ ಹುಲ್ಲುಗುಡ್ಡದ ಅಂಚಿನಲ್ಲಿ ಮೇಲ್ಗಾವಲಿನವರನ್ನು ಕೂರಿಸಿದರು. ಮೋಡ ಗುಪ್ಪೆ ಕಟ್ಟುವುದು ಕಂಡ ಕೂಡಲೇ ಅವರು ಭತ್ತದ ಉಮಿಯನ್ನು ಮೂಟೆಗಟ್ಟಲೆ ಹೊಳೆಗೆ ಸುರಿಯುತ್ತಾರೆ. ನೊರೆಯಲ್ಲಿ ಕಾಣಲೆಂದು ಉಮಿಗೆ ತೊಗಟೆಯ ಕೆಂಪು ಬಣ್ಣ ಕಟ್ಟಿರುತ್ತಾರೆ. ಗುಂಡಿಗೆ ಕೆಂಪು ಬಂದರೆ ಮೇಲೆ ಹತ್ತಬೇಕು. ಇಷ್ಟೇ ನಿಯಮ. ಚಿಕ್ಕ ಮಕ್ಕಳಿಗೂ ಅರ್ಥವಾಗುವಂಥದು.

ದೊಡ್ಡಮ್ಮ ಚಿಕ್ಕವರಿದ್ದಾಗ ತಾಯಿಯ ಜೊತೆ ಹೊಗೆಗುಂಡಿಯಲ್ಲಿ ನಿಂತಿದ್ದರು. ಹೊಗೆಗುಂಡಿ ಆ ರಸ್ತೆ ಮತ್ತೆ ಇಳಿಯುವಲ್ಲಿ ಸಿಗುವ ಕೊನೆಯ ಜಲಪಾತ. ಹನಿ ಹೊಗೆಯಂತೆ ಏಳುವುದರಿಂದ ಆ ಹೆಸರು. ಕೆಂಪು ಬಂತು, ಎಲ್ಲರೂ ಹತ್ತಿದರು, ಹಿಂದೆಯೇ ನೀರು ಬಂತು. ಉಳಿಸಿದ ಕೆಂಪನ್ನು ಆ ತಾಯಿ, ಅಂದರೆ ನನ್ನ ಅಜ್ಜಿ, ಮರೆಯಲಿಲ್ಲ. ಮರುವರ್ಷ ಯಾರದೋ ಸರದಿಯಲ್ಲಿ ಒಂದು ಬುಟ್ಟಿ ಕೇಪಳ ಹೂ ಕಳಿಸಿ, ಅದೇ ಹೊಳೆಯ ಮೇಲಿನ ಸೂಜಿಯಬ್ಬಿ ಜಲಪಾತದ ಸೇತುವೆಯಿಂದ ನೀರಿಗೆ ಬಿಡಿಸಿದರು. ಕೇಪಳ ಕೆಂಪು ಹೂ, ಅದೇ ಕಾಡಿನದು, ಹೊರಗಿನ ಬೀಜವಲ್ಲ. ಬಾಗಿಲಿನವರು ಬಿಟ್ಟರು. ಇನ್ನೊಂದು ಮನೆಯವರು ನೋಡಿದರು, ಅವರೂ ತಂದರು. ಈಗ ಕೆಂಪು ಕೊಡದೆ ಯಾರೂ ಹೋಗುವುದಿಲ್ಲ. ಮೇಲೆ ಬಿಟ್ಟ ಹೂ ಕೆಳಗೆ ಹೊಗೆಗುಂಡಿಯಲ್ಲಿ ತಮ್ಮ ಮೈಗೆ ತಾಗಿದರೆ ಮನೆಗೆ ಒಳ್ಳೆಯದೆಂದು ನಂಬಿಕೆ. ಹಾಗಾಗಿ ಎಲ್ಲರೂ ಗುಂಡಿಗಿಳಿದು ಕೆಂಪು ಬರಲೆಂದು ಕಾಯುತ್ತಾರೆ.

ನಾನು ಬರೆದದ್ದನ್ನು ನೀವು ಸರಿಯಾಗಿಯೇ ಓದಿದಿರಿ.

ಆ ದಿನ ಸೇತುವೆಯಿಂದ ಬಿಟ್ಟ ಬುಟ್ಟಿಗಳಲ್ಲಿ ನಮ್ಮದೇ ದೊಡ್ಡದು. ಹೂ ಒಮ್ಮೆಲೇ ಕೆಳಗೆ ಹೋಗುವುದಿಲ್ಲ, ಸುಳಿಗಳಲ್ಲಿ ತಡೆದು ಸಂಜೆಯವರೆಗೂ ಇಷ್ಟಿಷ್ಟೇ ಇಳಿಯುತ್ತದೆ. ನಾವು ಹೊಗೆಗುಂಡಿ ಸೇರುವಾಗಲೇ ಒಂದೆರಡು ಹೂ ಬಂದಿದ್ದವು. ದೊಡ್ಡಮ್ಮ ಗುಂಡಿಯ ನಡುವಿನ ಚಪ್ಪಟೆ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟರು. ಉಳಿದವರು ಸೊಂಟದ ನೀರಿನಲ್ಲಿ ಸುತ್ತ ನಿಂತರು. ಮೆಟ್ಟಿಲ ಬಳಿ ಕೆಳಗಾವಲಿನ ಧರ್ಣಪ್ಪ ಇದ್ದರು. ನಾನು ಎಲ್ಲರ ಚೀಲ ಕಾಯುತ್ತ ದಡದಲ್ಲಿದ್ದೆ. ಅದು ನನಗೆ ಹೇಳಿ ಮಾಡಿಸಿದ ಕೆಲಸ.

ಆಗ ಕೆಂಪು ಬಂತು, ತುಂಬ ಬಂತು. ಜಲಪಾತದ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ, ಎಲ್ಲರ ನಗು ಮಾತ್ರ ಕಾಣುತ್ತಿತ್ತು. ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಕೇಪಳ ಹೂವಿಗೆ ನಾಲ್ಕು ಎಸಳಿರುತ್ತದೆ, ನೀರಿನಲ್ಲಿ ಒಂದೊಂದೂ ತನ್ನಷ್ಟಕ್ಕೆ ತಿರುಗುತ್ತದೆ. ಇದು ತಿರುಗುತ್ತಿರಲಿಲ್ಲ. ಬಟ್ಟೆ ಹಾಸಿದ ಹಾಗೆ ಬಂದು ಬಂಡೆಯ ಅಂಚಿಗೆ ಗೆರೆಯಾಗಿ ಅಂಟಿತು, ನಾನು ನೋಡುತ್ತಿದ್ದಂತೆ ಆ ಗೆರೆ ನೀರಿನೊಳಗೆ ಹೋಯಿತು. ಧರ್ಣಪ್ಪನವರ ತೋಳು ಮುಟ್ಟಿ ತೋರಿಸಿದೆ. ಅವರು ಬಗ್ಗಿ ನೀರಿಗೆ ಕೈಯಿಟ್ಟು ನೋಡಿದರು, ನನ್ನ ಕಿವಿಯ ಹತ್ತಿರ ಬಂದು ಹೇಳಿದರು:

"ಹೂವು ಅಕ್ಕ, ನಿಮ್ಮದೇ ಹೂವು. ಬೆಳಿಗ್ಗೆಯಿಂದ ಬರ್ತಾ ಉಂಟಲ್ಲ. ಮೇಲೆ ಬಿಸಿಲು ನೋಡಿ."

ಮೇಲೆ ಬಿಸಿಲಿತ್ತು. ನಾನು ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿಹೋದರೂ ನಿಲ್ಲಿಸಿ ಎನ್ನಲು ಬಾಯಿ ಬಾರದವಳು. ಅಷ್ಟು ಜನ ನೋಡಿ ಹೂ ಎಂದದ್ದನ್ನು ಅಲ್ಲ ಎನ್ನುವುದು ಹೇಗೆ? ಕೂಗಲು ಆಗಲಿಲ್ಲ. ಚೀಲಗಳನ್ನು ಬಿಟ್ಟು, ಉಟ್ಟ ಬಟ್ಟೆಯಲ್ಲೇ ನೀರಿಗಿಳಿದೆ. ನಾನು ಇಳಿದದ್ದು ಕಂಡು ದೊಡ್ಡಮ್ಮ ಸುತ್ತಲಿನವರಿಗೆ ಕೈ ಮಾಡಿ ತೋರಿಸಿ ನಗುತ್ತಿದ್ದರು. ಅವರ ಇನ್ನೊಂದು ಕೈಯ ಮುಷ್ಟಿ ಕಣ್ಣಿನ ಹತ್ತಿರವೇ ಇತ್ತು. ಅದನ್ನು ಹಿಡಿದು ಬಿಚ್ಚಿದೆ. ಒಂದೂ ಎಸಳಿರಲಿಲ್ಲ.

ದೊಡ್ಡಮ್ಮ ಅಂಗೈ ನೋಡಿದರು, ನನ್ನನ್ನು ನೋಡಿದರು. ನನ್ನ ಕಿವಿಗೆ ಬಾಯಿಟ್ಟು, ಮಗು ಕೇಳುವ ಹಾಗೆ ಕೇಳಿದರು. "ಇದು ಉಮಿ ಅಲ್ವಾ ಮಗಾ?"

ಆಮೇಲೆ ಅವರು ಎದ್ದುನಿಂತು ಕೂಗಿದರು. ಮೌನವಲಯದಲ್ಲಿ ಅಂಥ ಕೂಗನ್ನು ಯಾರೂ ಕೇಳಿರಲಿಲ್ಲ. ಮರಗಳಲ್ಲಿ ಕೊಂಬೆಗಳು ಅಲ್ಲಾಡಿ ಸಿಂಗಳೀಕಗಳು ಚದುರಿದವು. ಜನ ಮೊದಲು ಅವರ ಬಾಯಿಯನ್ನು, ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡು ಮೆಟ್ಟಿಲಿಗೆ ನುಗ್ಗಿದರು. ದೊಡ್ಡಮ್ಮನ ಮಂಡಿ ನೋವಿನದು. ಎಲ್ಲರಿಗಿಂತ ಕೊನೆಗೆ ಅವರನ್ನು ನಾನು ಹಿಂದಿನಿಂದ ನೂಕಿದೆ, ಧರ್ಣಪ್ಪ ಮುಂದಿನಿಂದ ಎಳೆದರು. ನಾವು ಮೆಟ್ಟಿಲ ತಿರುವಿಗೆ ಬರುವಷ್ಟರಲ್ಲಿ ಜಲಪಾತದ ಬಣ್ಣ ಬದಲಾಗಿ, ಕೆಸರು, ಕಲ್ಲು, ಬೇರು ಸಮೇತ ಒಂದು ಮರ ಬಿತ್ತು. ದೊಡ್ಡಮ್ಮ ಕೂತಿದ್ದ ಬಂಡೆ ಕಾಣಲಿಲ್ಲ. ಕೆಳಗಿನ ಮೆಟ್ಟಿಲುಗಳು ಕಿತ್ತುಹೋದವು. ಯಾರೂ ಸಾಯಲಿಲ್ಲ. ಧರ್ಣಪ್ಪ ರಸ್ತೆಯಂಚಿನಲ್ಲಿ ಕುಕ್ಕರಿಸಿ, ಉಗುರಿನ ಸಂದಿಯಿಂದ ಉಮಿ ತೆಗೆಯುತ್ತಿದ್ದರು.

"ನಾನು ನೋಡಿದೆ ಅಕ್ಕ," ಎಂದರು. "ನೋಡಿಯೇ ಹೂ ಅಂದದ್ದು."

ಇದಾದ ಮೇಲೆ ಕಾಡುಸಭೆ ಸೇರಿತು. ಉದ್ಯಾನದ ವಿಷಯಗಳನ್ನೆಲ್ಲ ತೀರ್ಮಾನಿಸುವ ಊರವರ ಕೂಟ ಅದು. ಕಂಡದ್ದನ್ನು ನಾನೇ ಹೇಳಬೇಕೆಂದರು. ಜನರ ಮುಂದೆ ಮಾತು ಬಾರದೆಂದು ಬರೆದುಕೊಂಡು ಹೋಗಿ ಓದಿದೆ. ಒಂದು ವಾರ ತಿದ್ದಿ ತಿದ್ದಿ ಬರೆದಿದ್ದೆ. ಓದುವಾಗ ಹಿಂದಿನ ಸಾಲಿನಲ್ಲಿ ಯಾರೋ ಅತ್ತರು. ಮುಗಿದ ಮೇಲೆ ಅಧ್ಯಕ್ಷರು ಇಂಥ ಕನ್ನಡ ಕೇಳಿ ಬಹಳ ಕಾಲವಾಯಿತು ಎಂದರು. ನಿಧಾನಿ ಹೊರಡುವ ಮೊದಲು ದಿನವೂ ಬಾಗಿಲಲ್ಲಿ ಓದಿಸಲು ಒಂದು ಪ್ರತಿ ಬೇಕೆಂದರು. ಹೂ ನಿಲ್ಲಿಸುವ ಮಾತು ಮುಂದಕ್ಕೆ ಹೋಯಿತು. ಉಪಕಾರ ಮರೆಯುವುದೇ ಎಂದು ಹಲವರು ಕೇಳಿದರು. ಉಮಿಯ ಬಣ್ಣವನ್ನಾದರೂ ಬದಲಿಸಿ ಎಂದೆ. ಯಾವ ಬಣ್ಣ ಕಟ್ಟಿದರೂ ಅದಕ್ಕೊಂದು ಹೂ ಸಿಗುತ್ತದೆ ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು. ಆ ದಿನದಿಂದ ಸೇತುವೆಗೆ ಹೋಗುವ ಬುಟ್ಟಿಗಳು ದೊಡ್ಡವಾಗಿವೆ. ಕೆಂಪು ಮತ್ತೊಮ್ಮೆ ಉಳಿಸಿತಲ್ಲ, ಅದಕ್ಕೆ.

ನಾಳೆ ಹೊರದಿನವೆಂದು ಸಾರಿದ್ದಾರೆ, ಚಾರುಮತಿಯ ಗಂಡನ ಮನೆಯ ಸರದಿ. ಅವಳು ತಾಯಿಮನೆಗೆ ಬಂದು ಇಲ್ಲಿಂದಲೇ ಹೊರಡುತ್ತಾಳೆ. ಈಗ ನಾನು ಇದನ್ನು ಬರೆಯುತ್ತಿರುವಾಗ ದೊಡ್ಡಮ್ಮ ಜಗಲಿಯಲ್ಲಿ ಕೂತು ಕೇಪಳದ ತೊಟ್ಟು ಬಿಡಿಸುತ್ತಿದ್ದಾರೆ. ನಾನು ಮಧ್ಯಾಹ್ನದಿಂದ ಅವರ ಎದುರು ಕೂತು, ಜೀವಮಾನದಲ್ಲಿ ಆಡದಷ್ಟು ಮಾತಾಡಿದೆ. ಅವರು ಎಲ್ಲವನ್ನೂ ಕೇಳಿದರು.

"ನೀನು ಹೇಳುದು ಸರಿ ಉಂಟು," ಎಂದರು. "ಆದ್ರೆ ಎರಡು ಸಲ ಉಳಿಸಿದ ನೀರಿಗೆ ಕೊಡದೆ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ ಮಗಾ."

ಚಾರುಮತಿಗೆ, ಕೆಂಪು ಕಂಡರೆ ಹೂವೋ ಉಮಿಯೋ ನೋಡಲು ನಿಲ್ಲಬೇಡ, ಹತ್ತಿಬಿಡು ಎಂದೆ. ಹೂ ತಾಗಿಸಿಕೊಳ್ಳದೆ ಬಂದರೆ ಅಮ್ಮ ಒಳಗೆ ಬಿಡುತ್ತಾರಾ ಎಂದು ಅವಳು ನಗುತ್ತಾಳೆ. ನನ್ನ ಬರಹವನ್ನು ಅವಳು ಬಾಯಿಪಾಠ ಮಾಡಿದ್ದಾಳೆ, ಉಗುರಿನ ಸಂದಿಯ ಉಮಿಯ ಭಾಗ ಅವಳಿಗೆ ತುಂಬ ಇಷ್ಟವಂತೆ. ನಾಳೆ ಅವಳ ಜೊತೆ ಬಾಗಿಲವರೆಗೆ ಹೋಗುತ್ತೇನೆ. ಅಲ್ಲಿಂದ ಮುಂದೆ ನನಗೆ ಸರದಿಯಿಲ್ಲ.

ಇಲ್ಲಿಯವರಿಗೆ ಹೇಳಿಯಾಯಿತು. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಜಲಪಾತಗಳ ಬಳಿಯೂ ಇಳಿಯಬೇಡಿ ಎಂಬ ಬೋರ್ಡುಗಳಿದ್ದವು. ಹಳೆಯ ಫೋಟೊಗಳಲ್ಲಿ ಅವುಗಳಿಗೆ ಒರಗಿ ನಗುತ್ತ ನಿಂತವರನ್ನು ನೋಡಿದ್ದೇನೆ. ಗುಡ್ಡ ಜಾರಿದ ಜಾಗಕ್ಕೆ ಮರುವಾರವೇ ನೋಡಲು ಹೋದವರನ್ನೂ, ಅಕಾಲದ ಮಳೆ ಬಂದ ಸಂಜೆ ಅದರ ಮೇಲೆ ಕವಿತೆ ಬರೆದವರನ್ನೂ ಓದಿದ್ದೇನೆ. ನೀವು ಕೆಟ್ಟವರೆಂದು ನನಗೆ ಅನ್ನಿಸಿಲ್ಲ. ನಮ್ಮವರೂ ಕೆಟ್ಟವರಲ್ಲ. ನಿಮ್ಮಲ್ಲೂ ಮೇಲಿನಿಂದ ಯಾರೋ ಮೂಟೆ ಸುರಿದಿದ್ದಾರೆ, ಅದು ನಿಮ್ಮ ಬೊಗಸೆಗೆ ಬಂದಿದೆ. ದಯವಿಟ್ಟು ಅದನ್ನು ಕಣ್ಣಿಗೊತ್ತಿಕೊಳ್ಳಬೇಡಿ. ಈ ಪತ್ರ ಯಾರ ಕೈಗಾದರೂ ಸಿಕ್ಕಿದರೆ, ಚೆನ್ನಾಗಿ ಬರೆದಿದ್ದಾಳೆ ಎನ್ನಬೇಡಿ.

ನೀರಿನಿಂದ ಮೇಲೆ ಬನ್ನಿ.

ಸುಪ್ರಭೆ